ಅಭಿಷೇಕ ಮೊದಲು, ಅಲಂಕಾರ ಆಮೇಲೆ

ಬಿಡಿಭಾಗ ಕೊಂಡು ಕಂಪ್ಯೂಟರನ್ನು ತಾನೇ ಜೋಡಿಸಿಕೊಳ್ಳಬೇಕೆನ್ನುವ ಡೊಂಬಿವಲಿಯ ಹುಡುಗ ಇವತ್ತಿಗೂ ಲೋಕಲ್ ಹಿಡಿದು ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತಾನೆ. ಪ್ರೊಸೆಸರ್, ಮದರ್‌ಬೋರ್ಡುಗಳ ಬಗ್ಗೆ ಮನೆಯಲ್ಲಿ ಯಾರದೂ ತಕರಾರಿಲ್ಲ. ಅವು ಏನೆಂದು ಹಿರಿಯರಿಗೆ ತಿಳಿಯದಿದ್ದರೂ ಬೇಕಾದದ್ದೇ ಇರಬೇಕೆಂದು ಸುಮ್ಮನಿರುತ್ತಾರೆ. ತಕರಾರು ಏಳುವುದು ಫ್ಯಾನಿನ ಹತ್ತಿರ. ಕಪ್ಪು ಫ್ಯಾನೂ ಅದೇ ಗಾಳಿ ಬೀಸುವಾಗ, ಬಣ್ಣದ ದೀಪ ಉರಿಯುವ ಫ್ಯಾನಿಗೆ ಹೆಚ್ಚು ದುಡ್ಡು ಯಾಕೆ? ‘ಇದೆಲ್ಲ ಬೇಕಾ?’ ಎಂಬ ಆ ಪ್ರಶ್ನೆ ಖರ್ಚಿನದಷ್ಟೇ ಅಲ್ಲ. ಅಗತ್ಯವಿಲ್ಲದ ಕಡೆ ಅಲಂಕಾರ ಸಲ್ಲುತ್ತದೆಯೇ ಎಂದು ನಮ್ಮ ಧರ್ಮಚಿಂತನೆ ಬಹಳ ಹಿಂದಿನಿಂದ ಕೇಳಿಕೊಂಡು ಬಂದದ್ದೂ ಇದನ್ನೇ. ನನಗನ್ನಿಸುವುದು, ಬೇಕೋ ಬೇಡವೋ ಎಂದು ಕೇಳುವುದರಿಂದ ಇದು ಬಗೆಹರಿಯುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಬೇಕು.

ಡೊಂಬಿವಲಿಯಲ್ಲಿ ನೆಲೆಸಿದ ಉಡುಪಿ, ಮಂಗಳೂರು ಕಡೆಯ ಮನೆಗಳಿಗೆ ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಉಡುಪಿಯ ಕೃಷ್ಣನಿಗೆ ದಿನಕ್ಕೆ 14 ಪೂಜೆ. ಬೆಳಗಿನ ಜಾವ ನಿರ್ಮಾಲ್ಯ ವಿಸರ್ಜನೆ, ಅಂದರೆ ನಿನ್ನೆಯ ಹೂವನ್ನೆಲ್ಲ ತೆಗೆಯುವುದು. ಮುಂದೆ ಪಂಚಾಮೃತ ಅಭಿಷೇಕ. ಅದಾದ ಮೇಲೆ ಅಲಂಕಾರ ಪೂಜೆ. ಸಂಜೆ ಚಾಮರಸೇವೆ, ಕಡೆಗೆ ಏಕಾಂತಸೇವೆ. ಚಾಮರವೂ ಗಾಳಿ ಬೀಸುವುದೇ. ದೀಪವಂತೂ ಹದಿನಾರು ಉಪಚಾರಗಳಲ್ಲೇ ಒಂದು. ದೇವರಿಗೆ ಸೆಕೆಯಾಗುತ್ತದೆಂದು ಬೀಸುವುದಿಲ್ಲ, ಕಣ್ಣು ಕಾಣದೆಂದು ದೀಪ ಹಿಡಿಯುವುದಿಲ್ಲ. ಹಾಗಾಗಿ ಅಗತ್ಯವಿಲ್ಲದ್ದು ಅಧರ್ಮ ಎನ್ನುವ ವಾದ ಗರ್ಭಗುಡಿಯ ಬಾಗಿಲಲ್ಲೇ ಸೋಲುತ್ತದೆ. ಆದರೆ ಆ ಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ. ಅಭಿಷೇಕವಾಗದ ಮೂರ್ತಿಗೆ ಯಾವ ಅರ್ಚಕನೂ ವಜ್ರಕವಚ ತೊಡಿಸುವುದಿಲ್ಲ. ಶಿವ ಅಭಿಷೇಕಪ್ರಿಯ, ವಿಷ್ಣು ಅಲಂಕಾರಪ್ರಿಯ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅಲಂಕಾರಪ್ರಿಯನಿಗೂ ಸ್ನಾನ ತಪ್ಪಿದ್ದಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ.

ಯಂತ್ರಕ್ಕಾದರೆ ತಂಪು ನಿಜಕ್ಕೂ ಬೇಕು. ಗ್ರಾಫಿಕ್ಸ್ ಕಾರ್ಡೊಂದು ದುಡಿಯುವಾಗ 200–300 ವಾಟ್ ಶಾಖ ಹೊರಹಾಕುವುದು ಸಾಮಾನ್ಯ. ಈಗಿನ ಪ್ರೊಸೆಸರುಗಳು 95–100 ಡಿಗ್ರಿ ಮುಟ್ಟಿದರೆ ಸುಟ್ಟುಹೋಗುವ ಬದಲು ತಮ್ಮ ವೇಗವನ್ನೇ ತಗ್ಗಿಸಿಕೊಳ್ಳುತ್ತವೆ. ಕೋಣೆಯ ಗಾಳಿಗಿಂತ ಹೆಚ್ಚು ತಂಪನ್ನು ಯಾವ ಫ್ಯಾನೂ ತರಲಾರದು. ಕಡಲತಡಿಯಿಂದ ಒಳಗಿರುವ ಡೊಂಬಿವಲಿ, ಕಲ್ಯಾಣಗಳಲ್ಲಿ ಬಿಸಿಗಾಳಿಯ ದಿನ ಆ ಗಾಳಿಯೇ 40 ಡಿಗ್ರಿ ದಾಟುವುದುಂಟು. ಹೀಗಿರುವಾಗ ಮುಂಭಾಗವನ್ನು ಗಾಜಿನಿಂದ ಮುಚ್ಚಿ, ಗಾಳಿಗೆ ಬೆರಳಗಲದ ಸಂದಿ ಬಿಟ್ಟು, ಒಳಗೆ ಮೂರು ದೀಪದ ಫ್ಯಾನು ಕೂರಿಸುವುದೆಂದರೆ ಅಭಿಷೇಕ ಬಿಟ್ಟು ಅಲಂಕಾರ ಮಾಡಿದಂತೆ. ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಫ್ಯಾನಿನ ಎರಡು ಮುಖಗಳನ್ನು. ಗಾಳಿ ಎಳೆದುಕೊಳ್ಳುವ ಮುಖ ಚೆಂದ: ದೀಪದ ಬಳೆ, ಬಿಡಿಸಿಟ್ಟ ರೆಕ್ಕೆಗಳು. ಗಾಳಿ ಉಗುಳುವ ಮುಖದಲ್ಲಿ ಮೋಟಾರು ಹೊತ್ತ ಅಡ್ಡಕಡ್ಡಿಗಳು, ಒಂದು ತಂತಿ, ಒಂದು ಚೀಟಿ. ಪಕ್ಕದಿಂದ ಅಥವಾ ತಳದಿಂದ ಗಾಳಿ ಒಳಗೆಳೆಯುವ ಫ್ಯಾನು ಗಾಜಿನ ಕಡೆಗೆ ತೋರಿಸುವುದು ಈ ಎರಡನೆಯ ಮುಖವನ್ನು. ನೋಟಕ್ಕೆ ಸೋತವರು ಫ್ಯಾನನ್ನೇ ತಿರುಗಿಸಿಬಿಡುತ್ತಾರೆ. ಮುಖ ಚೆಂದ ಕಾಣುತ್ತದೆ, ಆದರೆ ತಣ್ಣಗಿನ ಗಾಳಿ ಬರಬೇಕಾದ ದಾರಿಯಲ್ಲಿ ಬಿಸಿಗಾಳಿ ಆಚೆ ಹೋಗುತ್ತದೆ.

ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ ನನಗೆ ಕಾವ್ಯಮೀಮಾಂಸೆಯ ಪಾಠದಂತೆ ಕಾಣುತ್ತದೆ. ರೆಕ್ಕೆಗಳ ಬಾಗನ್ನೇ ತಿರುಗುಮುರುಗಾಗಿಸಿದ ಫ್ಯಾನುಗಳು ಈಗ ಸಿಗುತ್ತವೆ. ಚೆಂದದ ಮುಖ ಗಾಜಿನ ಕಡೆಗಿದ್ದೂ ಗಾಳಿ ಒಳಕ್ಕೇ ಹರಿಯುತ್ತದೆ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನ್ಯಾಲೋಕದಲ್ಲಿ ಅಲಂಕಾರಕ್ಕೆ ಇಟ್ಟ ಷರತ್ತೂ ಇಂಥದೇ: ಅದು ಬೇರೆ ಪ್ರಯತ್ನ ಬೇಡದೆ, ರಸದ ಜೊತೆಗೇ ಹುಟ್ಟಬೇಕು. ಕೆಲಸದ ಮೇಲೆ ಹೇರಿದ ಸೊಗಸು ಬೇರೆ, ಕೆಲಸದೊಳಗೇ ಕೂಡಿಬಂದ ಸೊಗಸು ಬೇರೆ. (ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗವೂ ಅಲಂಕಾರಶಾಸ್ತ್ರವೇ. ಅಲಂಕಾರವನ್ನು ಕ್ಷುಲ್ಲಕ ಎನ್ನುವವರು ಇದನ್ನು ನೆನಪಿಡಬಹುದು.)

ಶರಣರ ದಾರಿಯವರು ಇಲ್ಲೊಂದು ಆಕ್ಷೇಪ ಎತ್ತಬಹುದು: ಕ್ರಮ ಸರಿಯಿದ್ದ ಮಾತ್ರಕ್ಕೆ ಡಂಭ ಶುದ್ಧವಾಗುತ್ತದೆಯೇ? ಮಾತಿನಲ್ಲಿ ತೂಕವಿದೆ. ತೋರಿಕೆಗಾಗಿ ಮಾಡಿದ ಯಜ್ಞ ರಾಜಸವೆಂದು ಗೀತೆಯ 17ನೆಯ ಅಧ್ಯಾಯವೂ ಹೇಳುತ್ತದೆ. ಆದರೆ ಅದೇ ಅಧ್ಯಾಯ ತೋರಿಕೆಯ ತಪಸ್ಸನ್ನೂ ರಾಜಸದ ಪಂಕ್ತಿಯಲ್ಲೇ ಕೂರಿಸುತ್ತದೆ. ಫ್ಯಾನುಗಳಲ್ಲೂ ಇಂಥ ತಪಸ್ಸುಂಟು. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಫ್ಯಾನುಗಳಿಗೆ ದೀಪವಿಲ್ಲ, ಅವುಗಳ ಹಳೆಯ ಗುರುತೇ ಕಂದು, ಬಾದಾಮಿ ಬಣ್ಣ. ಬೆಲೆಯೇನೂ ಕಡಿಮೆಯಲ್ಲ. ಆ ಸಪ್ಪೆ ಬಣ್ಣವನ್ನೇ ಗಾಜಿನ ಹಿಂದೆ ಬಿರುದಿನಂತೆ ಮೆರೆಸುವವರು ಇದ್ದಾರೆ. ಡಂಭಕ್ಕೆ ದೀಪವೇ ಆಗಬೇಕೆಂದಿಲ್ಲವಾದ್ದರಿಂದ, ದೀಪ ತೆಗೆದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ವಿದ್ಯುತ್ತಿನ ದಂಡ ಎನ್ನುವ ಆಕ್ಷೇಪ ಇನ್ನೂ ಹಗುರ; ಒಂದು ಫ್ಯಾನಿನ ದೀಪಗಳಿಗೆ ಹಿಡಿಯುವುದು ಕೆಲವೇ ವಾಟ್. ಪ್ರೊಸೆಸರಿನ ಬಿಸಿಯೇರಿದಂತೆ ದೀಪ ನೀಲಿಯಿಂದ ಕೆಂಪಿಗೆ ತಿರುಗುವಂತೆ ಮಾಡಿ, ನೋಡಿ ಇದು ಉಪಯೋಗಕ್ಕೂ ಬರುತ್ತದೆ ಎನ್ನುವವರದ್ದು ಮಾತ್ರ ಅನಗತ್ಯ ವಕೀಲಿ. ಚೆಂದಕ್ಕೆ ಇಟ್ಟದ್ದನ್ನು ಚೆಂದಕ್ಕೇ ಇಟ್ಟೆ ಎಂದರೆ ತಪ್ಪೇನು?

ನನಗೆ ನಿಜಕ್ಕೂ ಕಷ್ಟವೆನಿಸುವ ಆಕ್ಷೇಪ ಬೇರೆ. ದೇವರ ಅಲಂಕಾರ ಇನ್ನೊಬ್ಬರಿಗೆ ಸಲ್ಲಿಸಿದ್ದು. ಇಲ್ಲಿ ಭಕ್ತನೂ ದೇವರೂ ಒಬ್ಬನೇ ಅಲ್ಲವೇ? ಆಯುಧಪೂಜೆಯ ಉದಾಹರಣೆ ಪೂರ್ತಿ ಉತ್ತರವಾಗದು. ಆ ದಿನ ಕಂಪ್ಯೂಟರಿಗೆ ಹಾಕಿದ ಚೆಂಡುಹೂವಿನ ಮಾಲೆ ಅನ್ನ ಕೊಡುವ ಕೆಲಸಕ್ಕೆ ಸಲ್ಲಿಸಿದ್ದು, ಮರುದಿನ ಬಾಡುವಂಥದ್ದು. ಎಲ್‌ಇಡಿ ಬಾಡುವುದಿಲ್ಲ. ದೀಪಾವಳಿಗೆ ಡೊಂಬಿವಲಿಯ ಗ್ಯಾಲರಿಗಳಲ್ಲಿ ತೂಗುವ ಗೂಡುದೀಪವಾದರೂ ಬೀದಿಯಲ್ಲಿ ಹೋಗುವವರಿಗೂ ಸೇರಿದ್ದು. ಹಾಗಾಗಿ ಕ್ರಮದ ಪ್ರಶ್ನೆಯ ಜೊತೆಗೆ ಈ ಬೆಳಕು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಕೇಳದೆ ವಿಧಿಯಿಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ರಾತ್ರಿಯೆಲ್ಲ ಬಣ್ಣ ಬದಲಿಸುವ ದೀಪ ಬೀಳುವುದು, ನಸುಕಿನಲ್ಲೆದ್ದು ಲೋಕಲ್ ಹಿಡಿಯಬೇಕಾದವರ ಮುಚ್ಚಿದ ಕಣ್ಣಿನ ಮೇಲೆ. ಉಡುಪಿಯ ಕ್ರಮ ಏಕಾಂತಸೇವೆಯಲ್ಲಿ ಮುಗಿಯುವುದನ್ನು ಇಲ್ಲಿ ನೆನೆಯಬೇಕು: ಅಲಂಕಾರಪ್ರಿಯನನ್ನೂ ರಾತ್ರಿ ಮಲಗಿಸುತ್ತಾರೆ.

ಹಾಗಾಗಿ ಕೊಳ್ಳುವವನು ಮೊದಲು ಜಾಳಿಗೆಯ ಮುಂಭಾಗವಿರುವ ಕ್ಯಾಬಿನೆಟ್ಟನ್ನೂ ತಕ್ಕ ಗಾಳಿ ಬೀಸುವ ಫ್ಯಾನನ್ನೂ ಗೊತ್ತುಮಾಡಿಕೊಳ್ಳಲಿ. ದುಡ್ಡು ಮಿಕ್ಕರೆ ದೀಪ. 5 ವೋಲ್ಟಿನ ದೀಪದ ತಂತಿಯನ್ನು 12 ವೋಲ್ಟಿನ ಕೊಂಡಿಗೆ ಚುಚ್ಚಿದರೆ ದೀಪ ಸುಟ್ಟುಹೋಗುತ್ತದೆ, ಅದನ್ನು ನೋಡಿಕೊಳ್ಳಬೇಕು. ರಾತ್ರಿಯ ಮಟ್ಟಿಗೆ, ಬಹಳಷ್ಟು ಕ್ಯಾಬಿನೆಟ್ಟುಗಳಲ್ಲಿ ಯಾರೂ ಒತ್ತದ ರೀಸೆಟ್ ಗುಂಡಿಯೊಂದು ಇರುತ್ತದೆ. ದೀಪಗಳ ತಂತಿಗಳನ್ನು ಕೂಡಿಸುವ ನಿಯಂತ್ರಕಕ್ಕೆ (ಹಬ್) ಅದನ್ನು ಜೋಡಿಸಿಕೊಳ್ಳುವಂತಿದ್ದರೆ, ಯಂತ್ರ ನಿಲ್ಲಿಸದೆಯೇ ಆ ಗುಂಡಿಯಿಂದಲೇ ಬೆಳಕು ಆರಿಸಬಹುದು, ಫ್ಯಾನು ತಿರುಗುತ್ತಲೇ ಇರುತ್ತದೆ.