ಎರವಲು ಕೊಡಲಿ

1845ನೆಯ ಇಸವಿಯಲ್ಲಿ ಅಮೆರಿಕದ ಥೋರೋ ಮಹಾಶಯನು ಸ್ವಾವಲಂಬನದ ಬಾಳನ್ನು ಪರೀಕ್ಷಿಸಲು ವಾಲ್ಡನ್ ಸರೋವರದ ದಡವನ್ನು ಸೇರಿದನು. ನೆಲವು ಮಿತ್ರನಾದ ಎಮರ್ಸನ್ನನದು. ಮರ ಕಡಿದ ಕೊಡಲಿಯೂ ಎರವಲು. ಹಾಗಾದರೆ ಸ್ವಾವಲಂಬನವೆಲ್ಲಿ ಎಂದು ನಗುವವರುಂಟು. ಆ ನಗೆ ನನಗೊಪ್ಪದು. ಕೊಡಲಿಯನ್ನು ತಂದುದಕ್ಕಿಂತಲೂ ಹರಿತಮಾಡಿ ಹಿಂದಿರುಗಿಸಿದುದಾಗಿ ಆತನೇ ಬರೆದಿರುವನು. ಗುಡಿಸಲಿಗೆ ತಗುಲಿದ 28 ಡಾಲರು ಚಿಲ್ಲರೆಯನ್ನೂ ಮೊಳೆ ಸುಣ್ಣಗಳ ಸಹಿತ ಲೆಕ್ಕವಿಟ್ಟನು.

ಗ್ರಂಥವೂ ಎರವಲು ಉಪಕರಣವೇ ಅಲ್ಲವೆ? ಆತನು ಓದಿದ ಭಗವದ್ಗೀತೆ 1785ರಲ್ಲಿ ಅಚ್ಚಾದ ವಿಲ್ಕಿನ್ಸನ ಭಾಷಾಂತರ. ವಿಲ್ಕಿನ್ಸನಿಗೋ ಸಂಸ್ಕೃತವನ್ನು ಕಲಿಸಿದವರು ನಮ್ಮ ಪಂಡಿತರು. ಋಷಿಋಣವು ಅಧ್ಯಯನದಿಂದ ತೀರುವುದೆಂದು ನಮ್ಮ ಹಿರಿಯರ ಮತ. ಕೊಡಲಿಯ ಋಣವನ್ನು ಸಾಣೆಕಲ್ಲಿನಿಂದ ತೀರಿಸಿದವನನ್ನು ಪರಾವಲಂಬಿಯೆನ್ನಲು ನನ್ನ ನಾಲಗೆ ಏಳದು. ನಮ್ಮ ಬೀದಿಯಲ್ಲಾದರೋ ಎರವಲು ಹೋದ ಗುದ್ದಲಿ ಕಾವು ಮುರಿದು ಬರುವುದು. ಪುಸ್ತಕವು ಬರುವುದೇ ಇಲ್ಲ.