ನೆನಪು ಯಾರ ಸೊತ್ತು?

ಬಾಲ್ಯದ ನೆನಪೆಂದರೆ ಸಾಕು, ಕೇಳುವವರ ಮನಸ್ಸು ಒಂದು ಬಗೆಯ ಸಲಿಗೆಯನ್ನು ತಾಳುತ್ತದೆ. ದೊಡ್ಡವನಾದ ಮೇಲೆ ಕಂಡದ್ದನ್ನು ಹೇಳಿದರೆ ಸಾಕ್ಷಿ ಕೇಳುವ ಜನ, ಚಿಕ್ಕಂದಿನಲ್ಲಿ ಕಂಡದ್ದನ್ನು ಹೇಳಿದರೆ ನಕ್ಕು ಒಪ್ಪಿಕೊಳ್ಳುತ್ತಾರೆ. ಹೊಳೆ ಸಮುದ್ರದಷ್ಟಿತ್ತು ಎಂದರೂ ಸರಿ, ತೇರು ಮುಗಿಲು ಮುಟ್ಟಿತ್ತು ಎಂದರೂ ಸರಿ. ಇದರಲ್ಲಿ ತಪ್ಪೇನೂ ಇಲ್ಲ. ಮೂರಡಿ ಎತ್ತರದ ಮನುಷ್ಯನಿಗೆ ತೇರು ಹಾಗೆಯೇ ಕಾಣುತ್ತದೆ. ಅವನ ಅಳತೆಗೋಲಿಗೆ ಅದು ಸತ್ಯವೇ. ಆದರೆ ಈ ಸಲಿಗೆ ಎಲ್ಲಿಯವರೆಗೆ ಸಲ್ಲುತ್ತದೆ? ನನ್ನ ಬಾಲ್ಯ ನನ್ನದು, ನಿಜ. ಆ ಬಾಲ್ಯದೊಳಗೆ ಓಡಾಡುವ ಉಳಿದ ಜನರೂ ನನ್ನ ಸೊತ್ತೇ ಏನು? ಅವರನ್ನು ನನಗೆ ಬೇಕಾದ ಹಾಗೆ ಬರೆಯುವ, ಬಣ್ಣ ಹಚ್ಚುವ, ನಾಲ್ಕು ಜನರ ಮುಂದೆ ತೂಗುಹಾಕುವ ಹಕ್ಕು ನನಗೆ ಉಂಟೆ?

ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಹುಟ್ಟಿದ್ದಲ್ಲ. ನನ್ನ ಸ್ನೇಹಿತರೊಬ್ಬರು ದಾವಣಗೆರೆಯಲ್ಲಿ 1964ರಲ್ಲಿ ಆರಂಭವಾದ ಚಿತ್ರಕಲಾ ಶಾಲೆಯಲ್ಲಿ, ಅಂದರೆ ಈಗಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ, ಕಲಿತವರು. ಈಗ ಡ್ರಾಯಿಂಗ್ ಮೇಷ್ಟ್ರು. ಅವರು ಈಚೆಗೆ ತಮ್ಮ ಬಾಲ್ಯದ ಒಂದು ದಿನವನ್ನು ಪೇಸ್ಟಲ್ ಬಣ್ಣದಲ್ಲಿ ಚಿತ್ರಿಸಿದ್ದಾರೆ. ಚಿತ್ರದ ಸ್ಥಳ ಉಕ್ಕಡಗಾತ್ರಿ.

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯನ್ನು ಈ ಸೀಮೆಯವರಿಗೆ ಪರಿಚಯಿಸಬೇಕಾದ್ದಿಲ್ಲ. ತುಂಗಭದ್ರೆಯ ದಂಡೆಯ ಮೇಲೆ ಅಲ್ಲಿ ಕರಿಬಸವೇಶ್ವರರ ಗದ್ದುಗೆ ಇದೆ. ಭಕ್ತರ ಬಾಯಲ್ಲಿ ಅವರು ಅಜ್ಜಯ್ಯ. ಅಮಾವಾಸ್ಯೆ ಬಂತೆಂದರೆ ಜನ ಬಸ್ಸು, ಟ್ರ್ಯಾಕ್ಟರು ಹತ್ತಿ ಬರುತ್ತಾರೆ. ಹರಕೆಯವರು, ಹಣ್ಣುಕಾಯಿ ಮಾಡಿಸುವವರು ಇದ್ದಂತೆಯೇ, ಗಾಳಿ ಸೋಕಿದೆ ಎಂದು ಮನೆಯವರು ನಂಬಿ ಕರೆತಂದವರೂ ಇರುತ್ತಾರೆ. ಅವರನ್ನು ಹೊಳೆಯಲ್ಲಿ ಮೀಯಿಸಿ ಗದ್ದುಗೆಯ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ನಡೆಯುವುದು ದೈವದ ಕೆಲಸವೋ ಮನಸ್ಸಿನ ಕೆಲಸವೋ ಎಂಬ ಚರ್ಚೆ ಈ ಲೇಖನದ್ದಲ್ಲ. ಅಷ್ಟು ದೂರ ಒಬ್ಬರನ್ನು ಕೈಹಿಡಿದು ಕರೆತಂದವರ ಎದೆಯಲ್ಲಿ ಎಂಥ ಸಂಕಟವಿದ್ದೀತು ಎಂಬುದಷ್ಟೇ ನಮಗಿಲ್ಲಿ ಸಾಕು.

ಚಿತ್ರದಲ್ಲಿ ಮುಕ್ಕಾಲು ಪಾಲು ಹೊಳೆಯೇ. ಸೊಂಟದವರೆಗಿನ ನೀರಿನಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ತಲೆಗೂದಲು ಬಿಚ್ಚಿದೆ, ಸೀರೆ ಅರಿಸಿನ ಬಣ್ಣದ್ದು. ಅಣ್ಣನೋ ಗಂಡನೋ ತಿಳಿಯದು, ಒಬ್ಬಾತ ಅವಳ ಮಣಿಕಟ್ಟನ್ನು ಹಿಡಿದಿದ್ದಾನೆ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಏಳೆಂಟು ವರ್ಷದ ಹುಡುಗನೊಬ್ಬ ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತಿದ್ದಾನೆ. ಪೊಟ್ಟಣ ಅವನ ತಲೆಗಿಂತ ದೊಡ್ಡದು. ಹೆಣ್ಣುಮಗಳು ನೋಡುತ್ತಿರುವುದು ಗದ್ದುಗೆಯ ಕಡೆಗಲ್ಲ, ಆ ಹುಡುಗನ ಕಡೆಗೆ.

"ಅವತ್ತು ಮೊದಲ ಸಲ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ, ಮೇಷ್ಟ್ರೆ. ಆ ಮಂಡಕ್ಕಿ ರುಚಿ ಇನ್ನೂ ನಾಲಿಗೆ ಮೇಲೆ ಐತಿ. ಆ ತಾಯಿ ಕೂಗಿದಳೋ ಇಲ್ಲವೋ, ಅದು ಮಾತ್ರ ನೆನಪಿಲ್ಲ. ನನಗೆ ಜಾತ್ರೆ, ಆಕೆಗೆ ಎಂಥ ದಿನವೋ ಏನೋ!" ಎಂದರು ಸ್ನೇಹಿತರು. ಇದನ್ನು ಪ್ರದರ್ಶನಕ್ಕೆ ಇಡಬಹುದೆ ಎಂಬುದು ಅವರ ಸಂದೇಹ.

ಪೇಸ್ಟಲ್ ಎಂಬ ಮಾಧ್ಯಮದ ಗುಣವೂ ಈ ಸಂದೇಹಕ್ಕೆ ನೆರವಾಗಿದೆ ಎನ್ನಬೇಕು. ಬಣ್ಣದ ಪುಡಿಯನ್ನು ಅಂಟಿ ಅಂಟದಷ್ಟು ಗೋಂದಿನಲ್ಲಿ ಕಲಸಿ ಬಳಪದಂತೆ ಕಡ್ಡಿ ಮಾಡಿದರೆ ಪೇಸ್ಟಲ್ ಆಯಿತು. ಎಣ್ಣೆಬಣ್ಣ ಒಣಗಿ ಪೊರೆಗಟ್ಟುತ್ತದೆ. ಇದು ಕಾಗದದ ತರಿಯಲ್ಲಿ ಪುಡಿಯಾಗಿಯೇ ಕುಳಿತಿರುತ್ತದೆ. ಅಂಗಿಯ ತೋಳು ತಾಗಿದರೆ ಅಳಿಸಿತು. ಕದಲದಂತೆ ದ್ರಾವಣ ಸಿಂಪಡಿಸಿದರೆ ಬಣ್ಣದ ಕಳೆ ಸ್ವಲ್ಪ ಕುಂದುತ್ತದೆ. ಆದ್ದರಿಂದಲೇ ಇಂಥ ಚಿತ್ರಗಳನ್ನು ಗಾಜಿನ ಹಿಂದೆ ಇಡುವ ವಾಡಿಕೆ. ಫ್ರಾನ್ಸಿನ ಶಾರ್ದೆನ್ ಮುಪ್ಪಿನಲ್ಲಿ ಕಣ್ಣಿನ ತೊಂದರೆಯಿಂದಾಗಿ ಎಣ್ಣೆಬಣ್ಣ ಬಿಟ್ಟು ಇದನ್ನು ಹಿಡಿದ. 1771ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಕನ್ನಡಕ ಹಾಕಿದ ತನ್ನ ಮುಖವನ್ನೇ ಬರೆದುಕೊಂಡ. ನಮ್ಮ ಅವನೀಂದ್ರನಾಥ ಠಾಕೂರರು ಕಲ್ಕತ್ತೆಯಲ್ಲಿ ಗಿಲಾರ್ಡಿ ಎಂಬ ಇಟಲಿಯ ಗುರುವಿನಿಂದ ಇದನ್ನು ಕಲಿತರು. ಹೆಬ್ಬೆರಳಿನಿಂದ ತೀಡಿದರೆ ಸಾಕು, ಒಂದು ಬಣ್ಣ ಇನ್ನೊಂದರೊಳಕ್ಕೆ ಕರಗುತ್ತದೆ. ನೆನಪನ್ನು ಬರೆಯಲು ಇಷ್ಟು ಒಗ್ಗುವ ಸಾಧನ ಬೇರೊಂದಿಲ್ಲ. ಅಪಾಯವೂ ಅಲ್ಲಿಯೇ ಇದೆ. ಬೇಡವಾದ ಮುಖವೊಂದನ್ನು ಇಲ್ಲವಾಗಿಸುವುದಕ್ಕೂ ಒಂದು ಹೆಬ್ಬೆರಳು ಸಾಕು.

ಸ್ನೇಹಿತರಿಗೆ ಬಂದ ಸಲಹೆಗಳು ಮೂರು. ಮೊದಲನೆಯದು, ಚಿಂತೆಯೇ ಬೇಡ ಎಂಬುದು. ಆಕೆ ಯಾರೋ, ಯಾವ ಊರೋ. ಇಷ್ಟು ವರ್ಷಗಳ ಮೇಲೆ ಗುರುತು ಹಿಡಿಯುವವರು ಯಾರು? ಈ ಮಾತು ಕೋರ್ಟಿನಲ್ಲಿ ನಿಂತೀತು, ಮನಸ್ಸಾಕ್ಷಿಯ ಮುಂದೆ ನಿಲ್ಲುವುದು ಕಷ್ಟ. ಗುರುತು ಸಿಕ್ಕರೆ ಮಾತ್ರ ಮರ್ಯಾದೆ ಸಲ್ಲಬೇಕು ಎಂದರೆ ಅದು ಮರ್ಯಾದೆಯಲ್ಲ, ಭಯ. ಮಾನಸಿಕ ಆರೋಗ್ಯವನ್ನು ಕುರಿತ 2017ರ ನಮ್ಮ ಕಾಯ್ದೆ, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೋವನ್ನು ಅವರ ಒಪ್ಪಿಗೆಯಿಲ್ಲದೆ ಪತ್ರಿಕೆಗೆ ಕೊಡಬಾರದೆಂದು ವಿಧಿಸಿದೆ. ಯೋಗ್ಯವಾದ ವಿಧಿ. ಆದರೆ ಅದು ಕ್ಯಾಮೆರಾವನ್ನು ತಡೆಯಬಲ್ಲದು, ಮೆಟ್ಟಿಲ ಮೇಲೆ ನಿಂತ ಮಗುವಿನ ಕಣ್ಣನ್ನು ತಡೆಯಲಾರದು. ಆ ಕಣ್ಣು ಯಾರನ್ನೂ ಕೇಳದೆ ಚಿತ್ರ ತೆಗೆದುಕೊಂಡಿದೆ. ಒಪ್ಪಿಗೆ ಕೇಳೋಣವೆಂದರೆ ಈಗ ಯಾರ ಬಾಗಿಲು ತಟ್ಟುವುದು?

ಎರಡನೆಯ ಸಲಹೆ, ಮುಖವನ್ನು ತೀಡಿಬಿಡಿ ಎಂಬುದು. ಮೇಲುನೋಟಕ್ಕೆ ಇದು ಕರುಣೆಯಂತೆ ತೋರುತ್ತದೆ. ಸ್ವಲ್ಪ ಯೋಚಿಸಿದರೆ ಇದರಷ್ಟು ಕ್ರೂರವಾದದ್ದು ಇನ್ನಿಲ್ಲ. ಅಂದು ಘಟ್ಟದ ಮೇಲೆ ಸೇರಿದ್ದ ಜನ ನೋಡಿದ್ದು ಆಕೆಯ ಮೈಮೇಲೆ ಬಂದಿದ್ದ ಗಾಳಿಯನ್ನು, ಆಕೆಯನ್ನಲ್ಲ. ಈಗ ಮುಖವನ್ನೂ ಅಳಿಸಿದರೆ ಚಿತ್ರದಲ್ಲಿ ಉಳಿಯುವುದು ಬಿಚ್ಚುಗೂದಲು, ಅರಿಸಿನ ಸೀರೆ, ಅಂದರೆ ಬರಿಯ ದೆವ್ವ. ಮೂರನೆಯ ಸಲಹೆ, ಚಿತ್ರವನ್ನು ಕಪಾಟಿನಲ್ಲಿ ಇಟ್ಟುಬಿಡಿ ಎಂಬುದು. ಹಾಗೆ ಎಲ್ಲರೂ ಇಡುತ್ತ ಹೋದರೆ ನಮ್ಮ ಬಾಲ್ಯದ ಕಥೆಗಳಲ್ಲಿ ಮಂಡಕ್ಕಿಯೊಂದೇ ಉಳಿದೀತು. ಯಾರೂ ಅಳದ ಜಾತ್ರೆ, ಯಾರೂ ಹಸಿಯದ ಹಬ್ಬ, ಯಾರೂ ಹೊರಗೆ ನಿಲ್ಲದ ಊರು! ಇಂಥ ಬಾಲ್ಯ ಯಾರಿಗೂ ಇದ್ದುದಿಲ್ಲ.

ಹಾಗಾದರೆ ದಾರಿ ಯಾವುದು? ಈ ಸಂದರ್ಭದಲ್ಲಿ ನನಗೆ ಶಾಕುಂತಲದ ಆರನೆಯ ಅಂಕ ನೆನಪಾಗುತ್ತದೆ. ತರಗತಿಯಲ್ಲಿ ಅದರ ಕನ್ನಡ ರೂಪವನ್ನು ಓದಿಸುವಾಗಲೆಲ್ಲ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಉಂಗುರ ಸಿಕ್ಕಿ ಮರವೆ ಹರಿದ ಮೇಲೆ ದುಷ್ಯಂತ ನೆನಪಿನಿಂದ ಶಕುಂತಲೆಯ ಚಿತ್ರ ಬರೆದಿದ್ದಾನೆ, ಜೊತೆಗೆ ಸಖಿಯರಿಬ್ಬರಿದ್ದಾರೆ. ಇನ್ನೂ ಏನೇನು ಬರೆಯಬೇಕೆಂದು ಅವನು ವಿದೂಷಕನಿಗೆ ಹೇಳುತ್ತಾನೆ. ಮಾಲಿನೀ ನದಿ, ಅದರ ಮರಳಿನಲ್ಲಿ ಹಂಸದ ಜೋಡಿ, ಹಿಮಾಲಯದ ತಪ್ಪಲು, ಜಿಂಕೆಗಳು, ನಾರುಮಡಿ ತೂಗುವ ಮರ, ಕಿವಿಗೆ ಶಿರೀಷದ ಹೂವು. ಎಷ್ಟು ಸೂಕ್ಷ್ಮವಾದ ಸ್ಮರಣೆ! ಆದರೆ ಆ ಪಟ್ಟಿಯಲ್ಲಿ ಒಬ್ಬನಿಲ್ಲ, ದುಷ್ಯಂತನೇ ಇಲ್ಲ. ಮರದ ಮರೆಯಲ್ಲಿ ನಿಂತು ನೋಡಿದವನು ಅವನು, ತುಂಬಿದ ಸಭೆಯಲ್ಲಿ ಅವಳನ್ನು ಕಂಡಿಲ್ಲವೆಂದವನೂ ಅವನೇ. ಹಂಸಕ್ಕೆ ಜಾಗವಿರುವ ಚಿತ್ರದಲ್ಲಿ ಅವನಿಗೆ ಜಾಗವಿಲ್ಲ. ಅವನ ಪಶ್ಚಾತ್ತಾಪ ನಿಜವಾದದ್ದೇ. ಆದರೂ ಆ ಚಿತ್ರ ಶಕುಂತಲೆಯ ಚೆಲುವನ್ನು ಹೇಳುತ್ತದೆಯೇ ಹೊರತು ಅವಳಿಗೆ ನಡೆದದ್ದನ್ನು ಹೇಳುವುದಿಲ್ಲ.

ಇದಕ್ಕೆ ಎದುರಾಗಿ ಮಾರ್ಕ್ ಶಗಾಲನ ಪ್ರಸಿದ್ಧ ಚಿತ್ರವೊಂದನ್ನು ಇಟ್ಟು ನೋಡಬಹುದು. ವಿಟೆಬ್‌ಸ್ಕ್ ಎಂಬ ಊರಿನ ಆ ಯಹೂದಿ ತರುಣ 1911ರಲ್ಲಿ ಪ್ಯಾರಿಸಿನಲ್ಲಿ ಕುಳಿತು ತನ್ನ ಹುಟ್ಟೂರಿನ ನೆನಪನ್ನು ಎಣ್ಣೆಬಣ್ಣದಲ್ಲಿ ಬರೆದ. ಹಾಲು ಕರೆಯುವ ಹೆಂಗಸು, ಕುಡುಗೋಲು ಹೊತ್ತ ರೈತ, ತಲೆಕೆಳಗಾದ ಮನೆಗಳು ಅದರಲ್ಲಿವೆ. ಆದರೆ ಎಲ್ಲಕ್ಕಿಂತ ದೊಡ್ಡದಾಗಿ, ಹಸುವಿನ ಮುಖಕ್ಕೆ ಎದುರಾಗಿ, ಒಂದು ಹಸಿರು ಮುಖವಿದೆ. ಚಿತ್ರದ ಹೆಸರು 'ನಾನು ಮತ್ತು ಹಳ್ಳಿ'. ಹಳ್ಳಿ ಹೀಗಿತ್ತು ಎಂದು ಅದು ಸಾಧಿಸುವುದಿಲ್ಲ. ಇದನ್ನು ನೋಡುತ್ತಿರುವವನು ನಾನು ಎಂದು ಹೆಸರಿನಲ್ಲೇ ಹೇಳಿಕೊಳ್ಳುತ್ತದೆ.

ನನಗೆ ತೋಚಿದ ಧರ್ಮಸೂಕ್ಷ್ಮ ಇಷ್ಟೇ: ಇನ್ನೊಬ್ಬರ ಸಂಕಟವನ್ನು ನೆನಪಿನಿಂದ ಬರೆಯುವವನು, ನೋಡುತ್ತಿದ್ದ ತನ್ನನ್ನೂ ಅದರೊಳಗೆ ಬರೆಯಬೇಕು. ಉಕ್ಕಡಗಾತ್ರಿಯ ಚಿತ್ರದಿಂದ ಆ ಹುಡುಗನನ್ನು ತೆಗೆದುಬಿಡಿ. ಹೊಳೆಯಲ್ಲಿ ಒದ್ದಾಡುವ ಹೆಣ್ಣೊಬ್ಬಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಂತಾಗುತ್ತದೆ. ನಾವು ಎದುರು ನಿಂತು, ಪಾಪ ಎಂದೋ, ಎಂಥ ಮೂಢನಂಬಿಕೆ ಎಂದೋ ಹೇಳಿ ಹೊರಡುತ್ತೇವೆ. ಹುಡುಗ ಅಲ್ಲಿದ್ದರೆ ಹಾಗೆ ಹೊರಡುವುದು ಸುಲಭವಲ್ಲ. ನಾವೂ ಒಂದು ಪೊಟ್ಟಣ ಹಿಡಿದು ಅದೇ ಮೆಟ್ಟಿಲ ಮೇಲೆ ನಿಂತವರು ಎಂಬುದು ಅರಿವಿಗೆ ಬರುತ್ತದೆ.

ಇದಕ್ಕೂ ಆಕ್ಷೇಪಣೆ ಉಂಟು. ತನ್ನನ್ನು ಚಿತ್ರದೊಳಗೆ ತಂದುಕೊಳ್ಳುವುದು ಅಹಂಕಾರವಾಗದೆ? ಪರರ ಕಣ್ಣೀರನ್ನು ತನ್ನ ಮೃದು ಹೃದಯಕ್ಕೆ ಒಡವೆ ಮಾಡಿಕೊಂಡಂತೆ ಆಗದೆ? ಆದೀತು, ಹುಡುಗನ ಕಣ್ಣಿನಲ್ಲಿ ನೀರು ಬರೆದರೆ ಖಂಡಿತ ಆದೀತು. ಏಳೆಂಟು ವರ್ಷದ ಆ ಮಗು ಅಂದು ಅಳಲಿಲ್ಲ, ಮಂಡಕ್ಕಿ ತಿಂದಿತು. ಈಗಿನ ಕರುಣೆಯನ್ನು ಅಂದಿನ ಮಗುವಿನ ಮುಖಕ್ಕೆ ಬಳಿಯುವುದು ಸುಳ್ಳು. ಹೊಳೆ ದೊಡ್ಡದಾಗಿ ಕಂಡದ್ದು ಮಗುವಿನ ಸತ್ಯ. ತಾನು ಕರಗಿಹೋಗಿದ್ದೆನೆಂಬುದು ದೊಡ್ಡವನ ಕಟ್ಟುಕಥೆ. ಆದ್ದರಿಂದ ಪೊಟ್ಟಣ ಕೈಯಲ್ಲೇ ಇರಲಿ, ಬಾಯಿ ಆಡುತ್ತಲೇ ಇರಲಿ ಎಂದು ಸ್ನೇಹಿತರಿಗೆ ಹೇಳಿದೆ. ದೊಡ್ಡವನ ತಿಳಿವಳಿಕೆಗೆ ಚಿತ್ರದಲ್ಲಿ ಬೇರೆ ಕಡೆ ಕೆಲಸವಿದೆ. ಆ ಗಂಡಸಿನ ಕೈ ಆಕೆಯನ್ನು ಕಟ್ಟಿಹಾಕುತ್ತಿದೆಯೋ, ಬೀಳದಂತೆ ಹಿಡಿದಿದೆಯೋ ಎಂಬುದು ಮಗುವಿಗೆ ತಿಳಿದಿರಲಿಲ್ಲ. ಅದರ ಬೆರಳುಗಳನ್ನು ಬರೆಯುವಾಗ ಈಗಿನ ಮನುಷ್ಯ ಎಷ್ಟು ಹೊತ್ತು ಬೇಕಾದರೂ ಯೋಚಿಸಲಿ.

ಚಿತ್ರ ಮುಂದಿನ ಪ್ರದರ್ಶನಕ್ಕೆ ಹೋಗಲಿದೆ. ಅದರ ಎದುರು ನಿಲ್ಲುವವರು ಆ ಹೆಣ್ಣುಮಗಳ ನೋಟವನ್ನು ಸ್ವಲ್ಪ ಹೊತ್ತು ತಾಳಿಕೊಳ್ಳಲಿ ಎಂಬುದು ನನ್ನ ಆಸೆ. ಆಕೆ ಈಗಲೂ ಎಲ್ಲಿಯಾದರೂ ಬದುಕಿರಬಹುದು. ಗುಣವಾಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಲೂ ಇರಬಹುದು. ಆ ಅಮಾವಾಸ್ಯೆಯ ನೆನಪು ಆಕೆಗೂ ಇದ್ದರೆ, ಅದರಲ್ಲಿ ಹೊಳೆಯ ತಣ್ಣನೆಯ ನೀರಿದ್ದೀತು, ಮಣಿಕಟ್ಟಿನ ನೋವಿದ್ದೀತು; ಮೆಟ್ಟಿಲ ಮೇಲೆ ಮಂಡಕ್ಕಿ ತಿನ್ನುತ್ತ ತನ್ನನ್ನೇ ನೋಡುತ್ತಿದ್ದ ಯಾರದೋ ಮನೆಯ ಹುಡುಗನೊಬ್ಬನೂ ಇದ್ದಾನು.