ಕೈಯಲ್ಲೇ ಉಳಿದ ಟಿಕೆಟ್



ಇವತ್ತಿನ ಸಂದೇಶ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಚನ್ನರಾಯಪಟ್ಟಣ ಕಡೆಯ ನಮ್ಮ ಒಬ್ಬ ತಂಗಿ ಬೆಂಗಳೂರಲ್ಲಿ ಕೆಲಸ ಮಾಡ್ತಾಳೆ, ವಾರದ ಕೊನೆಗೆ ಊರಿಗೆ ಬರ್ತಾಳೆ. ಹೋದ ಭಾನುವಾರ ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹಾಕ್ಕೊಳ್ತಾ ಇದ್ದಾಗ ಹಿಂಜರಿಯುತ್ತಲೇ ಕೇಳಿದಳು. "ಅಣ್ಣ, ಬಿಟಿಎಸ್ ಷೋಗೆ ಟಿಕೆಟ್ ಸಿಕ್ಕಿದ್ರೆ ನಾಲ್ಕು ತಗೊಳ್ಳೋಣ, ಎರಡನ್ನ ಮೂರು ಪಟ್ಟು ರೇಟಿಗೆ ಮಾರೋಣ, ನಮ್ಮ ಫ್ಲೈಟ್ ಖರ್ಚು ಅದ್ರಲ್ಲೇ ಬರುತ್ತೆ ಅಂತಾಳೆ ನನ್ನ ಫ್ರೆಂಡ್. ತಗೊಳ್ಳೋರು ಖುಷಿಯಿಂದಾನೇ ತಗೋತಾರೆ. ಇದು ಪಾಪಾನಾ?"

"ಇಂಥ ಹಾಡು ಕೇಳೋದೇ ತಪ್ಪು" ಅಂದುಬಿಟ್ಟಿದ್ರೆ ನನಗೆ ಸುಲಭ ಆಗ್ತಿತ್ತು. ಆದ್ರೆ ಅವಳು ಕೇಳಿದ್ದು ಅದನ್ನಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಕೇಳಿದ್ದನ್ನು ಬಿಟ್ಟುಬಿಡೋದು ನಮ್ಮಂಥ ಬೋಧಕರ ಹಳೇ ಚಾಳಿ. ಒಂದು ವಾರ ಯೋಚನೆ ಮಾಡಿದೆ. ಯೋಚನೆ ಮಾಡ್ತಾ ಮಾಡ್ತಾ ನನ್ನದೇ ಒಂದು ಹಳೇ ವಿಷಯ ಎದುರಿಗೆ ಬಂದು ನಿಂತಿತು. ಅದನ್ನೂ ಹೇಳ್ತೀನಿ.

ಮೊದಲು ಆ ಹಾಡುಗಾರರ ವಿಷಯ, ಗೊತ್ತಿಲ್ಲದ ಹಿರಿಯರಿಗೋಸ್ಕರ. ಕೊರಿಯಾ ದೇಶದ ಏಳು ಜನ ಹುಡುಗರ ಗುಂಪು ಇದು. 2022ರಲ್ಲಿ ಗುಂಪಿನ ಕೆಲಸಕ್ಕೆ ಬಿಡುವು ಕೊಟ್ಟು, ಒಬ್ಬೊಬ್ಬರಾಗಿ ದೇಶದ ಕಡ್ಡಾಯ ಸೇವೆಗೆ ಹೋದರು. 2025ರ ಜೂನ್‌ನಲ್ಲಿ ಕೊನೆಯವನ ಸೇವೆಯೂ ಮುಗೀತು. ಜುಲೈ 1ರಂದು ಏಳೂ ಜನ ಒಟ್ಟಿಗೆ ಬಂದು, 2026ರಲ್ಲಿ ಹೊಸ ಆಲ್ಬಮ್, ವಿಶ್ವ ಪ್ರವಾಸ ಅಂತ ಹೇಳಿದರು. ಮೂರು ವರ್ಷ ಕಾದ ಮಕ್ಕಳು ಹಾಸನದ ಕಾಲೇಜುಗಳಲ್ಲೂ ಇದ್ದಾರೆ. ಬಿಟ್ಟುಹೋದವರು ಮತ್ತೆ ಒಂದಾಗಿ ಬರ್ತಾರೆ ಅಂದ್ರೆ ಮನಸ್ಸು ಕುಣಿಯುತ್ತೆ. ಅದರಲ್ಲಿ ನಗೋ ಅಂಥದ್ದು ಏನೂ ಇಲ್ಲ.

ಈಗ ಸಮಸ್ಯೆಗೆ ಬರೋಣ. ಆಸೆಗೆ ಲೆಕ್ಕ ಇಲ್ಲ, ಸೀಟಿಗೆ ಲೆಕ್ಕ ಇದೆ. ಹಾಗಾದ್ರೆ ಒಳಗೆ ಯಾರು ಹೋಗಬೇಕು? ನಾನು ನೋಡಿದ ಹಾಗೆ ಮನುಷ್ಯನಿಗೆ ಗೊತ್ತಿರೋ ಬಾಗಿಲು ನಾಲ್ಕೇ. ಸರದಿ, ದುಡ್ಡು, ಚೀಟಿ, ಬಲ.

ಸರದಿ ನೋಡಿ. 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ ಕೋಲ್ಡ್‌ಪ್ಲೇ ಅನ್ನೋ ಇಂಗ್ಲೆಂಡಿನ ಗುಂಪಿನ ಮುಂಬೈ ಷೋಗಳಿಗೆ ಟಿಕೆಟ್ ಬಿಟ್ಟರು. ಬೆಲೆ 2,500 ರೂಪಾಯಿಯಿಂದ 35,000ದವರೆಗೆ. ಒಂದು ಕೋಟಿಗೂ ಹೆಚ್ಚು ಜನ ಒಂದೇ ಸಲ ಮೊಬೈಲ್ ಹಿಡ್ಕೊಂಡು ಕೂತರು ಅಂತ ವರದಿಯಾಯ್ತು. ಲಕ್ಷಗಟ್ಟಲೆ ಜನರ ಹಿಂದೆ ನಮ್ಮ ನಂಬರ್! ಸ್ವಲ್ಪ ಹೊತ್ತಿಗೆಲ್ಲಾ ಅದೇ ಟಿಕೆಟ್ ಬೇರೆ ಕಡೆ ಲಕ್ಷ ರೂಪಾಯಿ ದಾಟಿತ್ತು. ಅಕ್ಟೋಬರ್‌ನಲ್ಲಿ ಇ.ಡಿ.ಯವರು ಬ್ಲಾಕ್ ಟಿಕೆಟ್ ಜಾಡು ಹಿಡಿದು ಐದು ನಗರಗಳಲ್ಲಿ ಶೋಧ ಮಾಡಿದರು, ಅದರಲ್ಲಿ ಬೆಂಗಳೂರೂ ಒಂದು. ಸರದಿ ನ್ಯಾಯವಾದ ಬಾಗಿಲೇ. ಆದ್ರೆ ಷೋ ನೋಡೋ ಆಸೆಯೇ ಇಲ್ಲದವನೂ ಅದೇ ಸಾಲಿನಲ್ಲಿ ನಿಂತಿದ್ದ.

ದುಡ್ಡಿನ ಬಾಗಿಲು ನೋಡಿ. ಓಯಸಿಸ್ ಅಂತ ಇಂಗ್ಲೆಂಡಿನದೇ ಇನ್ನೊಂದು ಗುಂಪು. ಅದರಲ್ಲಿ ಇಬ್ಬರು ಅಣ್ಣ ತಮ್ಮ, ನೋಯಲ್ ಮತ್ತು ಲಿಯಾಮ್. 2009ರಲ್ಲಿ ಜಗಳ ಆಡಿ ಬೇರೆಯಾದರು. 2024ರಲ್ಲಿ ಮತ್ತೆ ಒಂದಾದ್ವಿ ಅಂತ ಹೇಳಿದರು. ಆಗಸ್ಟ್ 31ರಂದು ಟಿಕೆಟ್ ಬಿಟ್ಟಾಗ ಏನಾಯ್ತು ಗೊತ್ತಾ? ಗಂಟೆಗಟ್ಟಲೆ ಕಾದವರು ಸಾಲಿನ ತುದಿಗೆ ಬರೋ ಹೊತ್ತಿಗೆ, 150 ಪೌಂಡ್ ಆಸುಪಾಸು ಇದ್ದ ಟಿಕೆಟ್ ಕೆಲವರಿಗೆ 355 ಪೌಂಡ್ ಅಂತ ಕಾಣಿಸಿತು. ಅಣ್ಣ ತಮ್ಮ ರಾಜಿಯಾದ ಸಂತೋಷಕ್ಕೆ ಬಂದವರು ಬೈಕೊಂಡು ಹೋದರು. ಅಲ್ಲಿನ ಸರ್ಕಾರಿ ಸಂಸ್ಥೆ ತನಿಖೆ ಶುರು ಮಾಡಬೇಕಾಯ್ತು.

ಚೀಟಿ ಎತ್ತೋದು ಮೂರನೆಯದು. ಯೆಹೋಶುವನ ಕಾಲದಲ್ಲಿ ಕಾನಾನ್ ದೇಶವನ್ನು ಕುಲಗಳಿಗೆ ಚೀಟು ಹಾಕಿಯೇ ಹಂಚಿದ್ದು. ಚೀಟಿಗೆ ಬಡವ, ಬಲ್ಲಿದ ಗೊತ್ತಿಲ್ಲ. ಆದ್ರೆ ಚೀಟಿಗೆ ಕಣ್ಣೂ ಇಲ್ಲ. ಮೂರು ವರ್ಷ ಕಾದವಳು ಯಾರು, ನಿನ್ನೆ ಹೆಸರು ಕೇಳಿದವಳು ಯಾರು ಅಂತ ಅದು ನೋಡಲ್ಲ.

ನಾಲ್ಕನೆಯದು ಬಲ. ಇದನ್ನು ಹೇಳೋಕೆ ಸಂಕಟ ಆಗುತ್ತೆ. 2025ರ ಜೂನ್ 4, ಚಿನ್ನಸ್ವಾಮಿ ಸ್ಟೇಡಿಯಂ. ಆರ್‌ಸಿಬಿ ಹದಿನೆಂಟನೇ ಸೀಸನ್‌ನಲ್ಲಿ ಮೊದಲ ಸಲ ಗೆದ್ದ ಮರುದಿನ. ಪಾಸ್ ಬೇಕೋ ಬೇಡವೋ ಅನ್ನೋ ಗೊಂದಲ, ಒಳಗೆ ಹಿಡಿಸೋದು ಸುಮಾರು 35 ಸಾವಿರ ಜನ, ಹೊರಗೆ ಲಕ್ಷಾಂತರ ಜನ. ಹನ್ನೊಂದು ಜನ ತೀರಿಹೋದರು. ಅವರಲ್ಲಿ ನಮ್ಮ ಹಾಸನ ಜಿಲ್ಲೆಯ ಯುವಕನೂ ಒಬ್ಬ. ಅವರು ಮಾಡಿದ ತಪ್ಪಾದ್ರೂ ಏನು? ಖುಷಿಪಡೋಕೆ ಹೋಗಿದ್ದರು, ಅಷ್ಟೇ. ಆದ್ದರಿಂದ "ಟಿಕೆಟ್ಟೇ ಬೇಡ, ಗೇಟ್ ತೆಗೆದುಬಿಡಿ" ಅನ್ನೋದು ಕೇಳೋಕೆ ಚೆಂದ. ಬೇರೆ ವ್ಯವಸ್ಥೆ ಇಲ್ಲದ ಕಡೆ ಗೇಟ್ ಹತ್ತಿರ ತೋಳಿನ ಬಲವೇ ಟಿಕೆಟ್ ಆಗುತ್ತೆ.

ನಾಲ್ಕು ಬಾಗಿಲಲ್ಲೂ ಕೊರತೆ ಇದೆ. ಹಾಗಾದ್ರೆ ಯಾವ ಬಾಗಿಲು ಇಡಬೇಕು ಅಂತ ಷೋ ನಡೆಸೋರು, ಸರ್ಕಾರದವರು ನೋಡಿಕೊಳ್ಳಲಿ. ನಮ್ಮ ತಂಗಿಯ ಪ್ರಶ್ನೆ ಬೇರೆ. ಆ ಬಾಗಿಲ ಹತ್ತಿರ ನಾನು ಯಾರಾಗಿ ನಿಂತಿದ್ದೀನಿ?

ಈಗ ನನ್ನ ಸಾಕ್ಷಿ. ಇದು ರಕ್ಷಣೆಗೆ ಮುಂಚಿನ ಮಾತು, ಆದ್ರೂ ಹೇಳೋಕೆ ನಾಚಿಕೆಯೇ.

2007. ನಾನು ಅರಕಲಗೂಡು ಕಡೆಯಿಂದ ಬಂದು ಹಾಸನದಲ್ಲಿ ಪಿಯುಸಿ ಓದ್ತಿದ್ದೆ. 'ಮುಂಗಾರು ಮಳೆ' ಸಿನಿಮಾ ಆಗಿನ್ನೂ ಎಲ್ಲಾ ಕಡೆ ಹೌಸ್‌ಫುಲ್. ನಾವು ಮೂರು ಜನ ಹುಡುಗರು ಬೆಳಿಗ್ಗೆಯೇ ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡು ಸಂಜೆ ಬ್ಲಾಕ್‌ನಲ್ಲಿ ಮಾರ್ತಿದ್ವಿ. ಮೂವತ್ತು ರೂಪಾಯಿದು ನೂರಕ್ಕೆ. ಒಂದು ಶನಿವಾರ ಒಬ್ಬರು ಬಂದರು. ಹೊಳೆನರಸೀಪುರದ ಕಡೆಯವರು. ಜೊತೆಗೆ ಹೆಂಡತಿ, ಏಳೆಂಟು ವರ್ಷದ ಮಗಳು. ನನ್ನ ಹತ್ತಿರ ಇದ್ದದ್ದು ಮೂರೇ ಟಿಕೆಟ್. ಅವರು ಜೇಬಿಂದ ತೆಗೆದು ಎಣಿಸಿದರು. ಬಸ್ ಚಾರ್ಜ್ ತೆಗೆದಿಟ್ಟರು. ಎರಡಕ್ಕೆ ಸರಿಯಾಯ್ತು. "ಮಗು ಹುಟ್ಟಿದಬ್ಬಕ್ಕೆ ಬಂದಿದೀವಿ ಕಣಪ್ಪಾ, ಇನ್ನೊಂದನ್ನ ಕೌಂಟರ್ ರೇಟಿಗೆ ಕೊಡು" ಅಂದರು. ನಾನು ಆಗಲ್ಲ ಅಂದೆ. ಹೆಂಡತಿ ಮಗಳನ್ನು ಒಳಗೆ ಕಳಿಸಿದರು. ಸಿನಿಮಾ ಶುರುವಾಯ್ತು. ಅವರು ಮತ್ತೆ ನನ್ನ ಹತ್ತಿರ ಬಂದು ಮೂವತ್ತು ರೂಪಾಯಿ ಚಾಚಿದರು. ಆಗಲೂ ನಾನು ಕೊಡಲಿಲ್ಲ. ಯಾಕೆ ಗೊತ್ತಾ? ಒಂದು ಸಲ ಇಳಿಸಿದ್ರೆ ನಾಳೆ ಎಲ್ಲರೂ ಹಾಗೇ ಕೇಳ್ತಾರೆ, ರೇಟು ಬಿದ್ದುಹೋಗುತ್ತೆ ಅಂತ ನನ್ನ ಫ್ರೆಂಡ್ಸ್ ಹೇಳಿಕೊಟ್ಟಿದ್ದರು.

ಆ ಟಿಕೆಟ್ ಮತ್ಯಾರೂ ತಗೊಳ್ಳಲಿಲ್ಲ. ಒಳಗೆ ಆ ತಾಯಿ ಮಗಳ ಪಕ್ಕದ ಸೀಟು ಖಾಲಿ. ಹೊರಗೆ ಆ ಮನುಷ್ಯ ಕಾಂಪೌಂಡ್ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನ ಕೈಯಲ್ಲಿ ಚೀಟಿ. ಯಾರಿಗೂ ಲಾಭ ಇಲ್ಲ ಪ್ರಿಯರೇ, ನನಗೂ ಇಲ್ಲ. ಅವರು ನನ್ನನ್ನು ಬೈಯಲೂ ಇಲ್ಲ.

ಆಮೇಲೆ ಬೈಬಲ್ ಕಾಲೇಜಿಗೆ ಹೋದಾಗ ಜ್ಞಾನೋಕ್ತಿಗಳು 11:26 ಓದಿದೆ. ಧಾನ್ಯವನ್ನು ಬಿಗಿಹಿಡಿದು ಕೂತವನ ಮೇಲೆ ಜನರ ಶಾಪ, ಮಾರುವವನ ತಲೆಯ ಮೇಲೆ ಆಶೀರ್ವಾದ ಅನ್ನೋ ಅರ್ಥದ ಮಾತು ಅಲ್ಲಿದೆ. ಗಮನಿಸಿ, ಬಿಟ್ಟಿ ಕೊಡುವವನು ಅಂತ ಅಲ್ಲಿ ಹೇಳಿಲ್ಲ. ಮಾರುವವನಿಗೇ ಆಶೀರ್ವಾದ! ದೇವರ ವಾಕ್ಯಕ್ಕೆ ವ್ಯಾಪಾರದ ಮೇಲೆ ಸಿಟ್ಟಿಲ್ಲ. ಬೇಕಾದವನು ಎದುರಿಗೆ ನಿಂತಿರುವಾಗ ಅವನ ಕೊರತೆ ಇನ್ನೂ ಹೆಚ್ಚಲಿ ಅಂತ ಮುಷ್ಟಿ ಬಿಗಿ ಮಾಡೋದರ ಮೇಲೆ ಸಿಟ್ಟು.

ಇಲ್ಲಿ ಒಬ್ಬ ಬ್ರದರ್ ಕೇಳಬಹುದು. "ಪಾಸ್ಟರ್, 2025ರಲ್ಲಿ ತೆಂಗಿನಕಾಯಿ ರೇಟು ಏರಿದಾಗ ಚನ್ನರಾಯಪಟ್ಟಣದ ನಮ್ಮಪ್ಪ ಹಳೇ ರೇಟಿಗೆ ಮಾರಬೇಕಿತ್ತಾ?" ಒಳ್ಳೇ ಪ್ರಶ್ನೆ. ನಮ್ಮಪ್ಪನೂ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿಗೆ ಹಾಕ್ತಿದ್ದರು. ಹೆಚ್ಚು ಕೂಗಿದವನಿಗೇ ಕೊಟ್ಟರು, ತಪ್ಪಿಲ್ಲ. ಅವರು ಬೆವರು ಸುರಿಸಿ ಬೆಳೆದ ಮಾಲು ಅದು, ರೇಟು ಬಿದ್ದ ವರ್ಷದ ನಷ್ಟವನ್ನೂ ಅವರೇ ಹೊತ್ತಿದ್ದರು. ರೇಟು ಏರಿದ್ರೆ ಮುಂದೆ ಇನ್ನೊಬ್ಬ ರೈತ ಇನ್ನಷ್ಟು ಬೆಳೀತಾನೆ, ಊರಿಗೆ ಮಾಲು ಬರುತ್ತೆ. ಆದ್ರೆ ನಾನು ನೂರಕ್ಕೆ ಮಾರಿದ್ದರಿಂದ ಥಿಯೇಟರಿನಲ್ಲಿ ಒಂದೇ ಒಂದು ಸೀಟಾದ್ರೂ ಹೆಚ್ಚಾಯ್ತಾ? ಇಲ್ಲ. ಹಾಡಿದವರಿಗೆ, ಲೈಟ್ ಹಿಡಿದವರಿಗೆ ಒಂದು ರೂಪಾಯಿ ಜಾಸ್ತಿ ಹೋಯ್ತಾ? ಇಲ್ಲ. ನಾನು ಮಾಡಿದ ಕೆಲಸ ಒಂದೇ. ಆ ತಂದೆಗೂ ಆ ಮಗಳಿಗೂ ನಡುವೆ ಹೋಗಿ ನಿಂತು, ಪಕ್ಕಕ್ಕೆ ಸರಿಯೋಕೆ ದುಡ್ಡು ಕೇಳಿದ್ದು.

"ಅವರು ಖುಷಿಯಿಂದ ಕೊಡ್ತಾರೆ" ಅನ್ನೋ ಮಾತಿಗೂ ಇದೇ ಉತ್ತರ. ಆ ತಂದೆಯೂ ಎರಡು ನೂರು ತಾವಾಗಿಯೇ ಕೊಟ್ಟರು. ಮಗಳ ಮೇಲಿನ ಪ್ರೀತಿಯಿಂದ ಕೊಟ್ಟರು. ಅವರಲ್ಲಿ ಪ್ರೀತಿ ಹೆಚ್ಚಿದ್ದಷ್ಟೂ ನನಗೆ ರೇಟು ಹೆಚ್ಚು. ಒಬ್ಬರ ಪ್ರೀತಿಯನ್ನು ತೂಕ ಹಾಕಿ ಅದಕ್ಕೆ ಬಾಡಿಗೆ ವಸೂಲಿ ಮಾಡೋದು ನೆರೆಯವನನ್ನು ಪ್ರೀತಿಸೋದಲ್ಲ.

ಕೊನೆಗೆ ಯೋಹಾನನ ಸುವಾರ್ತೆ 5ನೇ ಅಧ್ಯಾಯ. ಬೆಥೆಸ್ದ ಕೊಳ. ನೀರು ಕಲಕಿದಾಗ ಮೊದಲು ಇಳಿದವನಿಗೆ ವಾಸಿ ಅಂತ ಜನ ಕಾಯ್ತಿದ್ದರು. ಸೀಟು ಒಂದೇ, ಬಾಗಿಲು ಬಲದ ಬಾಗಿಲು. ಮೂವತ್ತೆಂಟು ವರ್ಷದಿಂದ ರೋಗ ಅನುಭವಿಸಿದ ಒಬ್ಬ ಅಲ್ಲಿ ಬಿದ್ದಿದ್ದ. ಅವನಿಗಿಂತ ಮುಂಚೆ ಇಳಿದವರು ಕೆಟ್ಟವರಾ? ಅಲ್ಲ, ಅವರೂ ರೋಗಿಗಳೇ. ಅವನ ನೋವು ಲೋಕದಲ್ಲಿ ಯಾರಿಗಾದ್ರೂ ಚೆನ್ನಾಗಿ ಗೊತ್ತಿದ್ರೆ ಅವರಿಗೇ ಗೊತ್ತಿತ್ತು. ಆದ್ರೂ "ಈ ಸಲ ನೀನು ಇಳಿಯಪ್ಪಾ" ಅಂತ ಹೇಳೋಕೆ ಒಬ್ಬರೂ ಸಿಗಲಿಲ್ಲ. ಯೇಸು ಬಂದಾಗ ಅವನು ಹೇಳಿಕೊಂಡದ್ದೂ ಅದನ್ನೇ, ಇಳಿಸೋಕೆ ನನಗೆ ಯಾರೂ ಇಲ್ಲ ಅಂತ. ಯೇಸು ಅವನನ್ನು ಸಾಲಿನಲ್ಲಿ ಮುಂದಕ್ಕೆ ತಳ್ಳಲಿಲ್ಲ, ಇನ್ನೊಬ್ಬರ ಜಾಗ ಕಿತ್ತು ಕೊಡಲೂ ಇಲ್ಲ. ತಾನೇ ಅವನಿದ್ದ ಕಡೆಗೆ ಹೋದನು. ಹಲ್ಲೆಲೂಯಾ.

ತಂಗೀ, ನಿನ್ನ ಪ್ರಶ್ನೆಗೆ ಈಗ ನೇರವಾಗಿ ಹೇಳ್ತೀನಿ. ನಿನ್ನ ಜೊತೆ ಸಾಲಿನಲ್ಲಿರೋ ಹುಡುಗಿಯರು ಬೇರೆ ಯಾರೂ ಅಲ್ಲ. ನೀನು ಕಾದಷ್ಟೇ ಅವರೂ ಕಾದಿದ್ದಾರೆ. ನಿಮ್ಮ ಮನೆಯವರಿಗಿಂತ ಚೆನ್ನಾಗಿ ನಿನ್ನ ಈ ಆಸೆ ಅವರಿಗೆ ಅರ್ಥ ಆಗುತ್ತೆ. ಅವರ ಆಸೆ ನಿನ್ನ ಫ್ಲೈಟ್ ಖರ್ಚಾಗೋದು ಬೇಡ. ಕೂರೋಕೆ ಎಷ್ಟು ಬೇಕೋ ಅಷ್ಟೇ ತಗೋ. ಯಾರಾದ್ರೂ ಬರೋಕಾಗದೆ ಒಂದು ಉಳಿದ್ರೆ, ಕೊಟ್ಟ ದುಡ್ಡಿಗೇ ಕೊಡು, ಷೋ ಶುರುವಾಗೋಕೆ ಮುಂಚೆ ಕೊಡು. ದುಡ್ಡು ಸಾಲದೆ ಹೋದ್ರೆ ಈ ಸಲ ಹೋಗಬೇಡ. ಅದು ನಷ್ಟ ನಿಜ, ಸಣ್ಣ ನಷ್ಟ ಅಂತ ನಾನು ಹೇಳಲ್ಲ. ಆದ್ರೆ ಇನ್ನೊಬ್ಬಳನ್ನು ಹೊರಗೆ ಕೂರಿಸಿ ಒಳಗೆ ಹಾಡು ಕೇಳೋದು ಅದಕ್ಕಿಂತ ದೊಡ್ಡ ನಷ್ಟ. ನಾನು ಅನುಭವಿಸಿ ಹೇಳ್ತಾ ಇದ್ದೀನಿ.

ಆ ತಂದೆ ಯಾರು, ಎಲ್ಲಿದ್ದಾರೆ, ನನಗೆ ಗೊತ್ತಿಲ್ಲ. ಎಪ್ಪತ್ತರಂತೆ ಎರಡು ಟಿಕೆಟ್‌ಗೆ ನೂರ ನಲವತ್ತು ರೂಪಾಯಿ ನಾನು ಅವರಿಗೆ ವಾಪಸ್ ಕೊಡಬೇಕು. ಆ ಮಗುವಿಗೆ ಈಗ ನಿಮ್ಮಷ್ಟೇ ವಯಸ್ಸಾಗಿರುತ್ತೆ. ಅಪ್ಪನ ಪಕ್ಕ ಕೂತು ನೋಡಬೇಕಿದ್ದ ಆ ಎರಡೂವರೆ ಗಂಟೆಯನ್ನು ಮಾತ್ರ ನಾನು ಯಾವ ದುಡ್ಡಿನಿಂದಲೂ ವಾಪಸ್ ಕೊಡೋಕಾಗಲ್ಲ.

ಕಣ್ಣು ಮುಚ್ಚೋಣ. ನಿಮ್ಮ ಮುಷ್ಟಿಯಲ್ಲಿ ಈಗ ಏನಿದೆ, ಅದಕ್ಕಾಗಿ ಹೊರಗೆ ಯಾರು ಕಾಯ್ತಿದ್ದಾರೆ ಅಂತ ಒಂದು ನಿಮಿಷ ಯೋಚನೆ ಮಾಡಿ. ಆಮೇಲೆ ಪ್ರಾರ್ಥನೆ ಮಾಡೋಣ. ಆಮೆನ್.